ಸೈಕಲ್ ಕಾಯುವವಳು

ನಾವು ಮೂವರೂ ಹುಬ್ಬಳ್ಳಿಯ ಒಂದೇ ದವಾಖಾನೆಯಲ್ಲಿ ನರ್ಸ್‌ಗಳು. ಒಬ್ಬಳು ನರಗುಂದದವಳು, ಇನ್ನೊಬ್ಬಳು ಗಜೇಂದ್ರಗಡದವಳು, ನಾನು ರೋಣದ ಹತ್ತಿರದ ಹಳ್ಳಿಯವಳು. ಹೋದ ಚಳಿಗಾಲ ರಜೆ ಹಾಕಿ ಕಾಂಬೋಡಿಯಾಕ್ಕೆ ಹೋದೆವು. ಸಿಯೆಮ್ ರೀಪ್ ಊರಲ್ಲಿ ಬಾಡಿಗೆ ಸೈಕಲ್ ಹಿಡಿದು ಹಳೆಯ ಗುಡಿಗಳನ್ನು ನೋಡಲು ಹೊರಟೆವು.

ಊರಿಂದ ಹೊರಡುವಾಗ ಅವ್ವ ಒಂದೇ ಮಾತು ಹೇಳಿದ್ದಳು. "ಗರ್ಭಗುಡಿಯೊಳಗ ಏನ ಐತಿ, ನೋಡ್ಕೊಂಡ ಬಂದ ಹೇಳು."

ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು ಅವಳು. ನಮ್ಮೂರ ಗುಡಿಯಲ್ಲಿ ನಮ್ಮ ಕೇರಿಯವರ ಜಾಗ ಮೆಟ್ಟಿಲ ಕೆಳಗೆ. ಕಾಯಿ ಕೊಟ್ಟರೆ ಒಳಗೆ ಒಯ್ದು ಒಡೆದು, ಹೋಳನ್ನು ಮೇಲಿನಿಂದಲೇ ಸೆರಗಿಗೆ ಹಾಕುತ್ತಾರೆ. ದೀಪದ ಬೆಳಕು ಕಾಣುತ್ತದೆ, ದೇವರು ಕಾಣುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಅವ್ವ ನಕ್ಕುಬಿಡುತ್ತಾಳೆ. ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.

ಕಾಡಿನ ನಡುವಿನ ದಾರಿಯಲ್ಲಿ ತಿರುವು ದಾಟಿದ್ದೇ ತಡ, ಮರಗಳ ಮೇಲೆ ಕಲ್ಲಿನ ಮುಖವೊಂದು ಕಂಡಿತು. ನಮ್ಮ ಮನೆಗಿಂತ ದೊಡ್ಡದು. ಅರೆಗಣ್ಣು ಮುಚ್ಚಿ, ತುಟಿಯಂಚಲ್ಲಿ ನಗುತ್ತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಗೋಪುರದ ನಾಲ್ಕೂ ದಿಕ್ಕಿಗೆ. ಮೂವರೂ ಸೈಕಲ್ ಇಳಿದೆವು. ನನ್ನ ಮೈ ಜುಂ ಅಂದಿತು.

ಆದರೆ ಬಾಗಿಲಿಗೆ ಬಂದ ಕೂಡಲೇ, "ನೀವು ಹೋಗಿ ಬರ್ರಿ, ನಾ ಸೈಕಲ್ ಕಾಯ್ತೀನಿ" ಅಂದೆ. ಮುಂದಿನ ಗುಡಿಯಲ್ಲೂ ಅದೇ ಮಾತು. ಬೀಗ ಹಾಕಿದ ಸೈಕಲ್ಲಿಗೆ ಎಂಥ ಕಾವಲು? ಹೊಸ್ತಿಲು ಕಂಡರೆ ಕಾಲು ತಾನಾಗಿಯೇ ನಿಂತುಬಿಡುತ್ತಿತ್ತು. ಹಾಳಾದ ಕಾಲು, ಇಷ್ಟು ದೂರ ಬಂದರೂ ಊರು ಬಿಟ್ಟಿರಲಿಲ್ಲ.

ಮೂರನೆಯ ಗುಡಿಯಲ್ಲಿ ನರಗುಂದದವಳು ರೇಗಿದಳು. "ಸೈಕಲ್ ಕಾಯಾಕ ಇಮಾನ ಹತ್ತಿ ಬಂದಿಯೇನಲೇ?"

ಗಜೇಂದ್ರಗಡದವಳು ಮೆಲ್ಲಗೆ ಕೇಳಿದಳು. "ನಿಮ್ಮವ್ವಗ ಏನಂತ ಹೇಳ್ತಿ?"

ಆ ಮಾತು ನಾಟಿತು. ಅಲ್ಲಿ ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ, ನಾನು ಬಿಟ್ಟೆ. ಒಂದು ಬಾಗಿಲು, ಅದರೊಳಗೊಂದು ಬಾಗಿಲು, ಅದರಾಚೆ ಮತ್ತೊಂದು. "ಏ, ಯಾರದು?" ಅಂತ ಯಾರಾದರೂ ಗದರಿಸುತ್ತಾರೆಂದು ಕಿವಿ ಕಾಯುತ್ತಲೇ ಇತ್ತು. ಯಾರೂ ಗದರಿಸಲಿಲ್ಲ. ಕೊನೆಯ ಹೊಸ್ತಿಲನ್ನೂ ದಾಟಿದೆ.

ಒಳಗೆ ಮೂರ್ತಿ ಇರಲಿಲ್ಲ. ಲಿಂಗ ಹೋದ ಖಾಲಿ ಪೀಠ, ನಡುವೆ ಒಂದು ಕುಳಿ. ತಲೆಯೆತ್ತಿದರೆ ಗೋಪುರದ ಕತ್ತಲು ಮೇಲೆ ಮೇಲೆ ಹೋಗಿ, ತುದಿಯಲ್ಲಿ ಅಂಗೈಯಗಲ ಆಕಾಶ. ಎಷ್ಟೋ ನೂರು ವರ್ಷದ ಕಲ್ಲು ನನ್ನ ಸುತ್ತ ಸುಮ್ಮನೆ ನಿಂತಿತ್ತು. ಅಳು ಬಂತು, ಅತ್ತುಬಿಟ್ಟೆ.

ಆಮೇಲೆ ಅವ್ವನಿಗೆ ವಿಡಿಯೊ ಕಾಲ್ ಮಾಡಿ ನಾಲ್ಕೂ ಗೋಡೆ ತೋರಿಸಿದೆ.

"ದೇವರ ಎಲ್ಲಿ?"

"ಇಲ್ಲವ್ವ. ಖಾಲಿ ಐತಿ. ತಂಪ ಐತಿ, ಅಷ್ಟ."

ಅವ್ವ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

"ಇಷ್ಟಕ್ಕ ನಮ್ಮನ್ನ ಹೊರಗ ನಿಲ್ಲಿಸ್ಯಾರೇನು?" ಅಂದಳು. ಆಮೇಲೆ ದನಿ ಇಳಿಸಿ, "ಲಗೂ ಹೊರಗ ಬರಬ್ಯಾಡ. ಅಲ್ಲೇ ಸ್ವಲ್ಪ ಕೂಡು" ಅಂದಳು.

ಕೂತೆ. ಹೊರಗೆ ಗೆಳತಿಯರಿಬ್ಬರೂ ಸೈಕಲ್ ಕಾಯುತ್ತಿದ್ದರು.