ಕಂಬದೊಳಗಿನ ಹಸಿರು ಬಳೆ

ಪಡಸಾಲೆಯಲ್ಲಿ ಯಾರೂ ಕರೆಯದಿದ್ದರೂ ನಾನು "ಓ, ಬಂದ್ನಿ" ಅನ್ನುವುದನ್ನು ಕಂಡು ನೀವೆಲ್ಲ ನಗುತ್ತೀರಿ. ಕಾರಣ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ನಿಮ್ಮ ಅಜ್ಜನ ಎರಡನೆಯ ಹೆಂಡತಿ. ಮೊದಲನೆಯವರು ಹುಕ್ಕೇರಿ ಕಡೆಯವರು. ಚೊಚ್ಚಲ ಹೆರಿಗೆಯಲ್ಲಿ ಮಗುವಿನೊಂದಿಗೇ ತೀರಿಕೊಂಡಿದ್ದರು. ನಾನು ಅವರನ್ನು ಕಂಡವಳಲ್ಲ, ಆದರೂ ಅಕ್ಕ ಎನ್ನುತ್ತೇನೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಗೋಕಾಕದಿಂದ ಮೂಡಲಗಿಯ ಈ ಮನೆಗೆ ಬಂದ ದಿನವೇ ಅತ್ತೆ ಅಕ್ಕನ ಮುಖ ಕೆತ್ತಿದ ಬೆಳ್ಳಿ ಬಿಲ್ಲೆಯನ್ನು ನನ್ನ ಕೊರಳಿಗೆ ಕಟ್ಟಿದರು. ಪಡಸಾಲೆಯ ನಡುಗಂಬಕ್ಕೆ ಕುಂಕುಮ ಹಚ್ಚಿಸಿದರು. ಬಸುರಿಯಾಗಿದ್ದಾಗ ಅಕ್ಕ ಅದಕ್ಕೇ ಒರಗಿ ಕೂರುತ್ತಿದ್ದರಂತೆ. ಅಮಾವಾಸ್ಯೆಗೊಮ್ಮೆ ಅದರ ಬುಡಕ್ಕೆ ಸಕ್ಕರೆ ಹಾಕಿದ ಹಾಲೆರೆಯುವುದು ನನ್ನ ಪಾಲಿನ ಕೆಲಸವಾಯಿತು.

ಮಧ್ಯಾಹ್ನ ಮನೆಯ ಸದ್ದಡಗಿದಾಗ ಕಂಬದೊಳಗೆ ಕರಕರ ಅನ್ನುತ್ತಿತ್ತು. ಅಕ್ಕನೇ ಮಾತಾಡುತ್ತಿದ್ದಾರೆಂದು ಅತ್ತೆ ಅದಕ್ಕೆ ಹೂಂಗುಟ್ಟುತ್ತಿದ್ದರು.

ನಿಮ್ಮ ಅಪ್ಪ ಹುಟ್ಟಿದಾಗ ತೊಟ್ಟಿಲನ್ನು ಆ ಕಂಬ ಹೊತ್ತ ತೊಲೆಗೇ ಕಟ್ಟಿದರು. ಒಂದು ದಿನ ತೂಗುವಾಗ ಮೇಲಿನಿಂದ ಚಿಟಿಕೆ ಮಣ್ಣು ಉದುರಿ ಮಗುವಿನ ಹಣೆಗೆ ಬಿತ್ತು. ಎದ್ದು ಕಂಬಕ್ಕೆ ಹೆಬ್ಬೆರಳು ಒತ್ತಿದೆ, ಒಳಗೆ ಹೋಯಿತು. ಮೇಲಿನ ಚಕ್ಕೆ ಕಿತ್ತರೆ ಜೇನುಹುಟ್ಟಿನಂತೆ ಕೋಣೆ ಕೋಣೆ, ನಡುವೆ ಕಾಗದದಷ್ಟು ತೆಳುವಾದ ಗೋಡೆ. ಬುಡ ಇನ್ನೂ ಹಸಿಯಾಗಿತ್ತು. ನಾವೆರೆದ ಹಾಲೇ ಗೆದ್ದಲನ್ನು ಸಾಕಿತ್ತು.

"ಇದನ್ನ ತುಂಬಬೇಕ್ರಿ ಅತ್ತಿ," ಅಂದೆ.

"ಆಕಿ ಬಾಯಾಗ ಮಣ್ಣ ತುಂಬತಿ ಏನ? ಸವತಿ ಬುದ್ಧಿ ತೋರ್ಸಿದೆಲ್ಲ!"

"ತೊಲಿ ಬಿದ್ರ ತೊಟ್ಟಲದಾಗ ಇರಾಂವ ನಿಮ್ಮ ಮೊಮ್ಮಗನರಿ."

ಅತ್ತೆ ಸಿಟ್ಟಿನಿಂದ ಎದ್ದು ಒಳಗೆ ಹೋದರು. ನಿಮ್ಮ ಅಜ್ಜ, "ನೀವು ಮೂರೂ ಮಂದಿ ಹೆಂಗಸರ ಜಗಳದಾಗ ನಾ ಬರಾಂವಲ್ಲ," ಎಂದು ಚಪ್ಪಲಿ ಮೆಟ್ಟಿ ಹೊಲಕ್ಕೆ ನಡೆದರು. ಮೂರು ಮಂದಿ ಅಂದದ್ದು ಅವರಿಗೇ ಗೊತ್ತಾಗಲಿಲ್ಲ. ಆದರೆ ಸಂಜೆ ಜಾಲಿಯ ದಿಮ್ಮಿಯೊಂದನ್ನು ತಂದು ತೊಲೆಗೆ ಆಸರೆ ಕೊಟ್ಟರು.

ಗೋಕಾಕದಲ್ಲಿ ನಮ್ಮ ತವರಿನ ಬಾಜೂಕ್ಕೆ ಗೊಂಬೆ ಮಾಡುವವರ ಮನೆ. ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಯ ಹೊಟ್ಟು ಕಲಸಿ ಅವರು ಬಿರುಕುಗಳಿಗೆ ಮೆತ್ತುವುದನ್ನು ನೋಡುತ್ತ ಬೆಳೆದವಳು ನಾನು. ಮೊದಲು ಚಿಮಣಿ ಎಣ್ಣೆ ಬಿಟ್ಟು ಹುಳ ಕೊಂದೆ. ಕಂಬ ಒಣಗಿದ ಮೇಲೆ, ತೆಳುಗೋಡೆಗಳು ಮುರಿಯದಂತೆ, ಕಲಸಿದ್ದನ್ನು ಕಡ್ಡಿಯಿಂದ ಒಂದೊಂದೇ ಕೋಣೆಗೆ ಒತ್ತುತ್ತ ಹೋದೆ. "ತಪ್ಪ ತಿಳೀಬ್ಯಾಡ ಅಕ್ಕಾ," ಎಂದು ಬಾಯಿ ತಾನಾಗಿ ಅನ್ನುತ್ತಿತ್ತು.

ಇನ್ನೇನು ಮುಗಿಯಿತು ಅನ್ನುವಾಗ ಅತ್ತೆ ಬಂದು ಸೆರಗಿನ ಗಂಟು ಬಿಚ್ಚಿದರು. ಅಕ್ಕ ಬಸುರಿಯಾಗಿದ್ದಾಗ ಕುಬಸದ ಶಾಸ್ತ್ರದಲ್ಲಿ ತೊಡಿಸಿದ್ದ ಹಸಿರು ಬಳೆಗಳ ಚೂರು.

"ಇವನ್ನೂ ಹಾಕ. ಕಂಬಕ್ಕ ಆಕೀನೂ ಹೆಗಲ ಕೊಡಲಿ."

ಹಾಕಿದೆ. ಕಂಬ ಗಟ್ಟಿಯಾಯಿತು, ಕರಕರ ನಿಂತಿತು, ತೊಟ್ಟಿಲು ಮತ್ತೆ ಏರಿತು. ಸದ್ದಿಲ್ಲದ ಆ ಮಧ್ಯಾಹ್ನಗಳು ಸದ್ದಿಗಿಂತ ಕೆಟ್ಟವಾಗಿದ್ದವು. ಅತ್ತೆ ಕಂಬಕ್ಕೆ ಕಿವಿಯಿಟ್ಟು ಸುಮ್ಮನೆ ಕೂರುತ್ತಿದ್ದರು. ಬೇಸಿಗೆ ಬಂದು ಬಿಸಿಲು ಏರಿದ ಒಂದು ದಿನ ಒಳಗೆಲ್ಲೋ ಕಿಣ್ ಅಂದಿತು. ಬೀಸುತ್ತಿದ್ದ ಅತ್ತೆ ಕಲ್ಲು ಬಿಟ್ಟು, "ಓ, ಬಂದ್ನಿ," ಎಂದು ಎದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಕಾವಿಗೆ ಅಂಟು ಬಿರಿದು ಬಳೆಚೂರು ಸರಿಯುತ್ತದೆ, ಅಷ್ಟೇ. ನನಗದು ಗೊತ್ತು. ಅತ್ತೆ ತೀರಿಕೊಂಡ ಮೇಲೆ ಒಮ್ಮೆ ಕಿಣ್ ಅಂದಾಗ ಓಗೊಡದೆ ಸುಮ್ಮನಿದ್ದೆ. ತೊಲೆಯಿಂದ ಚಿಟಿಕೆ ಮಣ್ಣು ಉದುರಿ, ಕೆಳಗೆ ಮಲಗಿದ್ದ ನಿಮ್ಮಲ್ಲಿ ಕಿರಿಯವನ ಹಣೆಗೆ ಬಿತ್ತು.