ಅವ್ವನಿಗೊಂದು ಸಲ, ಡೀಸಿಗೊಂದು ಸಲ

ನಮ್ಮ ಗಣಿತದ ಮೇಷ್ಟ್ರು ಎಷ್ಟು ಎತ್ತರವಿದ್ದರೆಂದರೆ, ಬೋರ್ಡಿನ ಮೇಲೆ ಬೇರೆಯವರ ಕೈ ಎಟುಕುವ ಜಾಗಕ್ಕಿಂತ ಒಂದು ಗೇಣು ಮೇಲೆ ಅವರ ಮೊದಲ ಸಾಲು ಇರುತ್ತಿತ್ತು. ಅದನ್ನು ಒರೆಸಲು ನಾವು ಹುಡುಗಿಯರು ಕುಪ್ಪಳಿಸಬೇಕಿತ್ತು. ತರಗತಿಯ ಬಾಗಿಲಲ್ಲಿ ತಲೆ ಬಗ್ಗಿಸಲು ಮರೆತ ದಿನ ಮೇಷ್ಟ್ರು ಹಣೆ ಉಜ್ಜಿಕೊಳ್ಳುತ್ತ, "ಬಾಗ್ಲು ಮಾಡ್ದೋನು ಅಳತೆ ಕಲ್ತಿಲ್ಲ ಕಣ್ರೋ" ಎನ್ನುತ್ತಿದ್ದರು.

ಕಬ್ಬಾಳಿನ ಕಡೆಯ ಒಕ್ಕಲು ಮನೆಯವರು. ಇಂಗ್ಲಿಷಿನ ದೆಸೆಯಿಂದ ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಆಮೇಲೆ ಮೈಸೂರಿನಲ್ಲಿ ಎಂಎಸ್ಸಿ ಮಾಡಿ, ಕನಕಪುರದ ನಮ್ಮ ಕಾಲೇಜಿಗೆ ಬಂದವರು ಬೇರೆಲ್ಲೂ ಹೋಗಲಿಲ್ಲ. ಅವರ ತರಗತಿಯಲ್ಲಿ ಯಾವ ಲೆಕ್ಕವನ್ನಾದರೂ ಎದ್ದು ನಿಂತು ಎರಡು ಸಲ ಹೇಳಬೇಕು. "ಮೊದ್ಲು ನಿಮ್ಮವ್ವಂಗೆ ಹೇಳೋ ಹಂಗೆ ಹೇಳು, ಆಮ್ಯಾಕೆ ಡೀಸಿ ಸಾಹೇಬ್ರಿಗೆ." ಅವ್ವನಿಗೆ ಕನ್ನಡ, ಡೀಸಿಗೆ ಇಂಗ್ಲಿಷು. ಮರಳವಾಡಿಯಿಂದ ಬಂದು ಬಾಯಿ ತೆರೆಯಲೂ ನಡುಗುತ್ತಿದ್ದ ನಾನು ಮೂರು ವರ್ಷದಲ್ಲಿ ಇಬ್ಬರಿಗೂ ಹೇಳುವುದನ್ನು ಕಲಿತೆ.

ಹಾರೋಹಳ್ಳಿಯಲ್ಲಿ ಒಂದಾದ ಮೇಲೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಕೊನೆಯ ವರ್ಷ ಒಂದು ಕಂಪನಿಯವರು ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಆರಿಸಲು ಕಾಲೇಜಿಗೇ ಬಂದರು. ಕೆಲಸ ಸಿಗದಿದ್ದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಹಿಂದಿನ ದಿನ ಮೇಷ್ಟ್ರು ಕರೆದು, "ಮೊದ್ಲು ಕನ್ನಡದಲ್ಲೇ ಹೇಳವ್ವ, ಕಂಪ್ನಿಯೋರ್ಗೆ ತಿಳ್ಸಿದೀನಿ. ನಾನೂ ಅಲ್ಲೇ ಕೂತಿರ್ತೀನಿ" ಎಂದರು.

ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಕಂಡುಹಿಡಿಯುವುದು ಯಾಕೆ ಎಂದು ಸಂದರ್ಶನದಲ್ಲಿ ಕಂಪನಿಯ ಅಧಿಕಾರಿ ಕೇಳಿದರು. ನಾನು ರೇಷ್ಮೆಗೂಡಿನ ಲೆಕ್ಕ ಹೇಳಿದೆ: ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಎರಡು; ಎರಡರ ಗೂಡಿಗೂ ಸರಾಸರಿ ತೂಕ ಒಂದೇ, ಆದರೆ ಒಂದರಲ್ಲಿ ಎಲ್ಲವೂ ಒಂದೇ ಸಮ, ಇನ್ನೊಂದರಲ್ಲಿ ದಪ್ಪ ಸಣ್ಣ ಬೆರೆತಿವೆ. ನೂಲು ತೆಗೆಯುವವರು ಯಾವುದನ್ನು ಕೊಳ್ಳುತ್ತಾರೆ?

ಅಧಿಕಾರಿ ನಕ್ಕು ಮೇಷ್ಟ್ರ ಕಡೆ ತಿರುಗಿದರು. "ಇಲ್ಲಿ ಇಂಗ್ಲಿಷ್ ಕಲಿಸೋದೇ ಇಲ್ವಾ ಸಾರ್?"

ಇಂಗ್ಲಿಷಿನ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಈಗ ಡೀಸಿಗೆ ಹೇಳು ಅನ್ನುತ್ತಾರೆಂದು ಕಾದೆ. ಮೇಷ್ಟ್ರು ಕಾಗದದಿಂದ ತಲೆಯೆತ್ತಲಿಲ್ಲ. "ಹಳ್ಳಿ ಮಕ್ಳು ಸಾರ್. ಎಷ್ಟು ಬಡ್ಕಂಡ್ರೂ ಅಷ್ಟೇಯ."

ನಾಲಿಗೆಯ ತುದಿಯ ಉತ್ತರವನ್ನು ನುಂಗಿ ಎದ್ದು ಬಂದೆ, ಕೆಲಸ ಕೈತಪ್ಪಿತು. ನಂಬಿಸಿ ಕತ್ತು ಕೊಯ್ಯುವುದೆಂದರೆ ಏನೆಂದು ಅವತ್ತು ತಿಳಿಯಿತು.

ಸಂಜೆ ವರಾಂಡದಲ್ಲಿ ಅವರೇ ತಡೆದು ನಿಲ್ಲಿಸಿದರು. "ಬೇಜಾರ್ ಮಾಡ್ಕಬ್ಯಾಡ ಕಣವ್ವ. ಅವ್ರಿಗೆ ಎದುರಾಡೋಕಾಯ್ತದಾ, ಕಂಪ್ನಿಯೋರು ಮುಂದ್ಲ ವರ್ಸನೂ ಬರ್ಬೇಕಲ್ಲ."

"ನಂಗೆ ಇಂಗ್ಲಿಷ್ ಬತ್ತದೆ ಅಂತ ನಿಮಗೊಬ್ರಿಗಾದ್ರೂ ಗೊತ್ತಿತ್ತಲ್ಲ ಸಾರ್" ಅಂದೆ.

ಮದುವೆಯಾಯಿತು. ಹಟ ಹಿಡಿದು ಬಿಎಡ್ ಮುಗಿಸಿ ಹಾರೋಹಳ್ಳಿಯ ಶಾಲೆಯೊಂದರಲ್ಲಿ ಗಣಿತದ ಟೀಚರಾದೆ. ಎರಡೂ ಭಾಷೆಯಲ್ಲಿ ಪಾಠ ಮಾಡುತ್ತೇನೆ. ಅದು ಮೇಷ್ಟ್ರ ಋಣ, ಇಲ್ಲವೆನ್ನಲಾರೆ. ಸಿಟ್ಟೂ ಹೋಗಿಲ್ಲ.

ಮೇಷ್ಟ್ರು ಹಾಸಿಗೆ ಹಿಡಿದಾಗ ಅವರ ಹೆಂಡತಿ ಫೋನು ಮಾಡಿದರು. "ನಿನ್ನನ್ನೇ ಕೇಳ್ತಾವ್ರೆ. ಏನೋ ಹೇಳ್ಬೇಕಂತೆ, ಒಸಿ ಬಂದೋಗವ್ವ."

"ಭಾನುವಾರ ಬತ್ತೀನಿ, ಹೇಳಿ" ಅಂದೆ. ಆ ಭಾನುವಾರವೆಲ್ಲ ಅವರು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರಂತೆ. ತೀರಿಕೊಂಡದ್ದು ಮಂಗಳವಾರ. ಕನಕಪುರಕ್ಕೆ ಗಳಿಗೆಗೊಂದು ಬಸ್ಸಿತ್ತು. ಬರುತ್ತೇನೆ ಅಂದಾಗಲೇ ಹೋಗುವ ಮನಸ್ಸು ನನಗಿರಲಿಲ್ಲ.