ಬೇಗಂಳ ಬಾಣಂತನ

ಇಸಳೂರಿನಲ್ಲಿ ಬಿಸ್ಮಿಲ್ಲಾ ಬಿಯ ಮನೆ ಯಾವುದೆಂದು ಕೇಳಿದರೆ ಜನ ಮನೆ ತೋರಿಸುವುದಿಲ್ಲ. 'ಈಗ ಯಾರ ಮನೇಲಿ ಬಾಣಂತಿ ಇದ್ದಾಳೆ, ಅಲ್ಲಿ ಹೋಗಿ ನೋಡಿ' ಎನ್ನುತ್ತಾರೆ. ಮೂವತ್ತಮೂರು ವರ್ಷದಿಂದ ಆಕೆಯ ಕಸುಬು ಒಂದೇ, ಬಾಣಂತಿಗೂ ಕೂಸಿಗೂ ನೀರು ಹಾಕುವುದು. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ಚಾಚಿ ಕೂತು, ಮೊಣಕಾಲಿಂದ ಪಾದದವರೆಗಿನ ಇಳಿಜಾರಿನಲ್ಲಿ ಕೂಸನ್ನು ಮಲಗಿಸಿಕೊಂಡಳೆಂದರೆ ಆಯಿತು. ಎಣ್ಣೆ ತಿಕ್ಕಿ, ಮೂಗು ತೀಡಿ, ಹದವಾದ ಬಿಸಿನೀರು ಹೊಯ್ದು, ಕೆಂಡದ ಮೇಲೆ ಲೋಬಾನ ಉದುರಿಸಿ ಮೈಗೆ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ತಾಯಿಯ ಮಡಿಲಿಗೆ ಹಾಕುವಷ್ಟರಲ್ಲಿ ಕೂಸು ನಿದ್ದೆ ಹೋಗಿರುತ್ತದೆ. ಸಿದ್ದಾಪುರದ ದೊಡ್ಮನೆಯಿಂದ ಯಲ್ಲಾಪುರದ ಪೇಟೆಯವರೆಗೆ ಆಕೆಯ ಕಾಲ ಮೇಲೆ ಮಲಗಿ ಎದ್ದವರಿದ್ದಾರೆ. ಅವರಲ್ಲಿ ಕೆಲವರ ತಲೆ ಈಗ ಬೋಳಾಗುತ್ತಿದೆ. ಅವರ ಮಕ್ಕಳಿಗೂ ಈಕೆಯೇ ನೀರು ಹಾಕಿದ್ದಾಳೆ.

ಈಗ ಬಿಸ್ಮಿಲ್ಲಾ ಬಿಗೆ ಅರವತ್ತೆರಡು. ಮಣೆಯಿಂದ ಏಳಲು ಗೋಡೆ ಹಿಡಿಯಬೇಕು. ಬಲಗೈ ಹೆಬ್ಬೆರಳು ಬೆಳಗ್ಗೆ ಬಿಸಿನೀರು ಕಾಣುವ ತನಕ ಮಡಚುವುದಿಲ್ಲ. ಮಗ ಜಹೀರ್ ಯಲ್ಲಾಪುರಕ್ಕೆ ಗೂಡ್ಸ್ ಟೆಂಪೊ ಓಡಿಸುತ್ತಾನೆ, 'ಸಾಕು ಅಮ್ಮಿ, ಬಿಡಿ' ಎಂದು ಎಷ್ಟೋ ಸಲ ಹೇಳಿದ್ದಾನೆ. ಬಿಡಬೇಕೆಂದೇ ಆಕೆಗೂ ಇದೆ. ಆದರೆ ಯಾರಾದರೂ ಬಂದು 'ನಮ್ಮ ಹುಡುಗಿಗೆ ಹೆರಿಗೆ ಆಯ್ತು, ನೀವೇ ಬರಬೇಕು' ಅಂದರೆ ಬಾಯಿ 'ಇಲ್ಲ' ಎನ್ನುವ ಮೊದಲೇ ಕಾಲು ಚಪ್ಪಲಿ ಹುಡುಕುತ್ತಿರುತ್ತದೆ. ಈ ಸಲ ಪಕ್ಕದ ಗದ್ದೆಯಾಚೆಯ ವೆಂಕಮ್ಮನ ಮಗಳು ಭೂಮಿಕಾಳದ್ದು. ಹೆಣ್ಣು ಕೂಸು, ಹುಟ್ಟಿ ಒಂಬತ್ತು ದಿನ.

ಅದು ಶುಕ್ರವಾರ. ವೆಂಕಮ್ಮನ ಮನೆಯಿಂದ ಬಂದು, ತೋಳು ಜೋತುಬಿದ್ದು, ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ ಸೊಸೆ ತಸ್ಲೀಮ್ ಬಾಗಿಲಿಗೆ ಬಂದಳು.

"ಅಮ್ಮಿ, ನಿಮಗೆ ಇನ್ನೊಂದು ಮನೆ ಕೆಲಸ ಬಂದಿದೆ."

"ಯಾರೇ ಅದು? ನನ್ನ ಕೈಲಿ ಆಗಲ್ಲ ಅಂತ ಹೇಳು."

"ಹೇಳಿದೆ, ಕೇಳಲ್ಲ. ಬೇಗಂ ಹೆತ್ತಿದ್ದಾಳೆ. ನಿಮ್ಮ ಬಟ್ಟೆ ಪೆಟ್ಟಿಗೆಯಲ್ಲಿ."

ಬೇಗಂ ಅಂದರೆ ಬೆಕ್ಕು. ಕಳೆದ ವರ್ಷ ಮೀನಿನ ವಾಸನೆ ಹಿಡಿದು ಬಂದದ್ದು ಹೋಗಲಿಲ್ಲ. ಇಡೀ ದಿನ ಕೆಲಸವಿಲ್ಲದೆ ಮಂಚದ ಮೇಲೆ ಒರಗಿರುವುದನ್ನು ನೋಡಿ ತಸ್ಲೀಮೇ ಆ ಹೆಸರಿಟ್ಟಿದ್ದಳು. ಹೊಟ್ಟೆ ದೊಡ್ಡದಾಗಿದ್ದನ್ನು ಮನೆಯವರೆಲ್ಲ ನೋಡಿದ್ದರು, ಆದರೆ ಹೆರಲು ಯಾವ ಜಾಗ ಆರಿಸುತ್ತದೆಂದು ಯಾರೂ ಯೋಚಿಸಿರಲಿಲ್ಲ. ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಸ್ಮಿಲ್ಲಾ ಬಿ ಹಳೇ ಹತ್ತಿ ಸೀರೆಯ ತುಂಡುಗಳನ್ನು ಒಗೆದು ಮಡಚಿಟ್ಟಿರುತ್ತಾಳೆ, ಕೂಸುಗಳಿಗೆ ಸುತ್ತಲು. ಅದಕ್ಕಿಂತ ಮೆತ್ತನೆಯ ಜಾಗ ಇಡೀ ಇಸಳೂರಿನಲ್ಲಿ ಇರಲಿಕ್ಕಿಲ್ಲ. ನಾಲ್ಕು ಮರಿಗಳು. ಮೂರು ಬೂದು, ಒಂದು ಕಂದು ಪಟ್ಟೆಯದು, ಉಳಿದವುಗಳ ಅರ್ಧದಷ್ಟೂ ಇಲ್ಲ.

"ಬಾಣಂತಿಯರನ್ನು ನೋಡಿ ನೋಡಿ ಸಾಕಾಗಿದೆ ನನಗೆ," ಎಂದಳು ಬಿಸ್ಮಿಲ್ಲಾ ಬಿ. ಹಾಗೆಂದವಳೇ ಸೊಂಟ ಹಿಡಿದುಕೊಂಡು ಬಗ್ಗಿ, ಮೀನಿನ ಸಾರಿಗೆ ಅನ್ನ ಕಲಸಿ ಪೆಟ್ಟಿಗೆಯ ಹತ್ತಿರ ಇಟ್ಟಳು. ಬೆಕ್ಕು ಅಲ್ಲೇ ಮಲಗಿದಲ್ಲಿಂದ ಕತ್ತು ಚಾಚಿ ತಿಂದಿತು. ಶನಿವಾರ, ಭಾನುವಾರ ಹಾಗೇ ಕಳೆದವು. ಆಕೆ ಬಂದು ಊಟ ಇಡುವುದು, ಬೇಗಂ ಕಣ್ಣು ಅರ್ಧ ಮುಚ್ಚಿ ಗುರುಗುಟ್ಟುವುದು.

ಎಡವಟ್ಟಾದದ್ದು ಸೋಮವಾರ. ಬೇಗಂ ಕಾಂಪೌಂಡಿನ ಆಚೆ ಎಲ್ಲೋ ಹೋಗಿತ್ತು. ಬಿಸ್ಮಿಲ್ಲಾ ಬಿ ಪೆಟ್ಟಿಗೆಯೊಳಗೆ ಇಣುಕಿದಳು. ಚಿಕ್ಕ ಮರಿಯ ಬೆನ್ನ ಮೇಲೆ ಹುಟ್ಟಿದಾಗಿನ ಕೊಳೆ ಒಣಗಿ ಅಂಟಿಕೊಂಡಿತ್ತು. ದೇಹಕ್ಕೆಲ್ಲ ದಣಿವು, ಆದರೆ ಕೈಗಳಿಗೆ ದಣಿವು ಗೊತ್ತಾಗುವುದಿಲ್ಲವಲ್ಲ. ಒಲೆಯ ಮೇಲೆ ನೀರು ಇಟ್ಟಳು. ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತಳು.

"ಅಮ್ಮಿ, ಅದು ಬೆಕ್ಕು," ಎಂದಳು ತಸ್ಲೀಮ್. "ಅದರ ತಾಯಿ ನೆಕ್ಕಿ ನೆಕ್ಕಿ ಸ್ವಚ್ಛ ಮಾಡ್ತದೆ."

"ನೋಡು ಹೇಗೆ ಮಾಡಿದೆ ಅಂತ. ನಾಲ್ಕು ಹೆತ್ತವಳಿಗೆ ಪುರುಸೊತ್ತು ಎಲ್ಲಿಂದ? ನಿನ್ನ ಮಗಳಿಗೆ ನೀರು ಹಾಕಿದ್ದು ಯಾರು?"

"ನೀವೇ."

"ಏನಾದರೂ ಕಮ್ಮಿ ಆಗಿದೆಯಾ ಅವಳಿಗೆ?"

ತಸ್ಲೀಮ್ ಒಲೆಯ ಮೇಲಿನ ನೀರು ಇಳಿಸಿ ತಂದಿಟ್ಟಳು. ಬಿಸ್ಮಿಲ್ಲಾ ಬಿ ಒಂದೊಂದೇ ಮರಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಚಿಕ್ಕದಕ್ಕೆ ಎರಡು ಬೆರಳಲ್ಲಿ ಕೊಬ್ಬರಿ ಎಣ್ಣೆಯನ್ನೂ ತಿಕ್ಕಿದಳು, ಮೈ ಗಟ್ಟಿಯಾಗಲಿ ಎಂದು. ಶೀತವಾಗಬಾರದಲ್ಲ, ಅದಕ್ಕೆ ಕೆಂಡದ ಮೇಲೆ ಚಿಟಿಕೆ ಲೋಬಾನ. ನಾಲ್ಕನ್ನೂ ಹೊಗೆಗೆ ಹಿಡಿದು, ಹೊಸ ಬಟ್ಟೆ ಹಾಸಿ ಪೆಟ್ಟಿಗೆಯಲ್ಲಿಟ್ಟಾಗ ಅವು ಕೂಸುಗಳ ಹಾಗೇ ನಿದ್ದೆ ಹೋಗಿದ್ದವು. ಮೂರು ದಿನದಲ್ಲಿ ಮೊದಲ ಸಲ ಆಕೆಯ ಮುಖದಲ್ಲಿ ಒಂದಿಷ್ಟು ಕಳೆ ಬಂತು.

ಬೇಗಂ ಬಂತು. ಪೆಟ್ಟಿಗೆಗೆ ಮೂಗು ಹಾಕಿತು. ಕಿವಿಗಳನ್ನು ಹಿಂದಕ್ಕೆ ಮಡಚಿ, ತನ್ನದೇ ಮರಿಗಳಿಗೆ ಬುಸ್ ಎಂದಿತು. ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿ, ಒಂದು ಬೂದು ಮರಿಯ ಕತ್ತು ಕಚ್ಚಿಕೊಂಡು ಕಿಟಕಿಯಿಂದ ಹೊರಟೇಹೋಯಿತು. ಮತ್ತೆ ಬಂತು, ಇನ್ನೊಂದು. ಮತ್ತೆ ಬಂತು. ನಾಲ್ಕನೇ ಸಲ ಬಂದಾಗ ಚಿಕ್ಕದನ್ನು ಮೂಸಿತು, ಒಮ್ಮೆ ಬಾಯಿ ಹಾಕಿ ಬಿಟ್ಟಿತು, ಹಿಂದೆ ಸರಿದು ಅಡ್ಡಡ್ಡ ತಲೆ ಕೊಡವಿತು. ಆಮೇಲೆ ಬರಲಿಲ್ಲ.

ಬಿಸ್ಮಿಲ್ಲಾ ಬಿ ಕಿಟಕಿಯ ಹತ್ತಿರ ಸಂಜೆಯವರೆಗೆ ಕೂತಳು. ಪೆಟ್ಟಿಗೆಯಲ್ಲಿ ಪಟ್ಟೆ ಮರಿ ಅಳುತ್ತಿತ್ತು. ಅಷ್ಟು ಸಣ್ಣ ಬಾಯಿಂದ ಅಷ್ಟು ದೊಡ್ಡ ದನಿ.

ತಸ್ಲೀಮ್ ಫೋನಿನಲ್ಲಿ ಹುಡುಕಿ, ಹಸುವಿನ ಹಾಲು ಆಗುವುದಿಲ್ಲ, ಭೇದಿ ಹತ್ತುತ್ತದೆ, ಆಡಿನ ಹಾಲಾದರೆ ಅಡ್ಡಿಯಿಲ್ಲ ಎಂದಳು. ಜಹೀರ್ ಬರುವಾಗ ಗುರುತಿನವರ ಮನೆಯಿಂದ ನೀರಿನ ಬಾಟಲಿಯಲ್ಲಿ ಆಡಿನ ಹಾಲು ತಂದ. ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿಯಾಗಿ ಕುಡಿಸಬೇಕು, ಎರಡು ತಾಸಿಗೊಮ್ಮೆ. ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಒರೆಸಿ ಉಚ್ಚೆ ಮಾಡಿಸಬೇಕು. ಮಡಿಲಲ್ಲಿಟ್ಟು ಬೆಚ್ಚಗಿಡಬೇಕು. ಸೊಸೆ ಪಾಳಿ ತೆಗೆದುಕೊಳ್ಳುತ್ತೇನೆ ಎಂದರೂ ಬಿಡಲಿಲ್ಲ ಬಿಸ್ಮಿಲ್ಲಾ ಬಿ. ಮರುದಿನ ಬೆಳಗಾಗುವಾಗ ಆಕೆಯ ಕಣ್ಣು ಮರಿಯ ಕಣ್ಣಿಗಿಂತ ಹೆಚ್ಚೇನೂ ತೆರೆದಿರಲಿಲ್ಲ. ಮರಿಯೋ, ಕುಡಿದದ್ದರಲ್ಲಿ ಅರ್ಧ ಹೊರಗೆ ಬಿಡುತ್ತಿತ್ತು. ಅಳುವುದೂ ಕಮ್ಮಿಯಾಗಿತ್ತು. ಕೂಸು ಅಳದಿದ್ದರೆ ಏನರ್ಥ ಎಂಬುದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಂಗಳವಾರ ಭೂಮಿಕಾಳ ಕೂಸಿಗೆ ನೀರು ಹಾಕುವಾಗ ಎಣ್ಣೆ ತಿಕ್ಕಿದ ಬೆನ್ನಿಗೇ ಮತ್ತೆ ಎಣ್ಣೆ ತಿಕ್ಕಿದಳು. ವೆಂಕಮ್ಮ ಚೆಂಬು ಹಿಡಿದು ನಿಂತವಳು ನೋಡಿದಳು.

"ಎಂತದು ಬೀಬಮ್ಮ, ಮೋರೆ ಬಾಡಿ ಹೋಗ್ಯದೆ? ಜ್ವರ ಬಂತಾ?"

ಬಿಸ್ಮಿಲ್ಲಾ ಬಿ ಆದದ್ದನ್ನು ಹೇಳಿದಳು. ವೆಂಕಮ್ಮ ನಕ್ಕಳು ನೋಡಿ, ಚೆಂಬಿನ ನೀರು ಅರ್ಧ ನೆಲಕ್ಕೆ.

"ಲೋಬಾನ ಹಾಕಿದ್ರಾ? ಬೆಕ್ಕಿಗೆ? ನಾಮಕರಣ ಯಾವತ್ತು, ನಮ್ಮನ್ನೂ ಕರೀರಿ."

"ನಗಬೇಡ ವೆಂಕಮ್ಮ. ಅದು ಸಾಯ್ತದೆ. ನಾನು ಕೊಂದೆ ಅಂತಾಗ್ತದೆ."

ವೆಂಕಮ್ಮ ಚೆಂಬು ಕೆಳಗಿಟ್ಟಳು. ದನ, ನಾಯಿ, ಬೆಕ್ಕು ಎಲ್ಲದರ ಹೆರಿಗೆ ಕಂಡ ಮನೆತನದವಳು. ನಗು ಬಿಟ್ಟು ಹೇಳಿದಳು: "ಅದ್ಕೆ ಮರಿ ಗುರುತು ಕಣ್ಣಲ್ಲಿ ಅಲ್ಲ, ಮೂಗಲ್ಲಿ. ನೀವು ಎಣ್ಣೆ, ಹೊಗೆ ಎಲ್ಲ ಸೇರ್ಸಿ ಬೇರೆ ಯಾರ್ದೋ ಮನೆ ಮಗು ಮಾಡಿಟ್ರಿ. ಬೆಕ್ಕು ಹೆತ್ತಾಗ ಹಾಸಿದ್ದ ಬಟ್ಟೆ ಉಂಟಲಾ, ಒಗೆದ್ರಾ ಅದ್ನ?"

"ಇಲ್ಲ. ಬಚ್ಚಲಲ್ಲಿ ಬಿದ್ದಿದೆ."

"ಪುಣ್ಯ. ಅದ್ರಲ್ಲೇ ಸುತ್ತಿಡಿ ಇವತ್ತಿಡೀ. ಬೆಕ್ಕು ಎಲ್ಲುಂಟು ಹುಡುಕಿ. ಹತ್ರ ಇಟ್ಟು ಬಂದ್ಬಿಡಿ. ಕೇಳ್ತಾ? ಇಟ್ಟು ಬಂದ್ಬಿಡದು. ಮತ್ತೆ ಮುಟ್ಟಕೆ ಹೋಗ್ಬೇಡಿ."

ಕೊನೆಯ ಮಾತೇ ಕಷ್ಟದ್ದು.

ಬೆಕ್ಕಿನ ಜಾಗ ತಸ್ಲೀಮ್ ಪತ್ತೆ ಮಾಡಿದಳು. ಎರಡು ನಿವೇಶನ ದಾಟಿದರೆ ಯಾರೋ ಮೇಷ್ಟರು ಕಟ್ಟಿಸುತ್ತಿರುವ ಮನೆ, ಮೇಸ್ತ್ರಿ ಊರಿಗೆ ಹೋಗಿ ವಾರದಿಂದ ಕೆಲಸ ನಿಂತಿತ್ತು. ಒಳಗಿನ ಕೋಣೆಯಲ್ಲಿ ಗೋಡೆ ಕಟ್ಟಲು ಒಟ್ಟಿದ ಚಿರೆಕಲ್ಲುಗಳ ಹಿಂದೆ, ಖಾಲಿ ಸಿಮೆಂಟು ಚೀಲಗಳ ಮೇಲೆ ಬೇಗಂ ಮಲಗಿತ್ತು. ಅಷ್ಟು ಮೆತ್ತನೆಯ ಸೀರೆ ತುಂಡು ಬಿಟ್ಟು ಈ ಧೂಳಿಗೆ ಬಂದಿತಲ್ಲ ಎಂದುಕೊಂಡಳು ಬಿಸ್ಮಿಲ್ಲಾ ಬಿ.

ಬುಧವಾರ ಬೆಳಗ್ಗೆ ಬಿಸಿಲು ಏರುವ ಮೊದಲು ಆಕೆ ಅಲ್ಲಿಗೆ ಹೋದಳು. ಬೇಗಂ ಇರಲಿಲ್ಲ. ಮೂರು ಬೂದು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಹಳೇ ಬಟ್ಟೆಯಿಂದ ಪಟ್ಟೆ ಮರಿಯನ್ನು ಬಿಡಿಸಿ ಅವುಗಳ ಪಕ್ಕ ಇಟ್ಟಳು. ರಾತ್ರಿಗಿಂತ ತಣ್ಣಗಾಗಿತ್ತು ಮೈ. ಇಟ್ಟು ಬಂದುಬಿಡಬೇಕಿತ್ತು. ಬಾಗಿಲ ಚೌಕಟ್ಟಿನ ಆಚೆಯವರೆಗೆ ಬಂದಳು, ಮುಂದೆ ಕಾಲು ಹೋಗಲಿಲ್ಲ. ಒಂದು ಚಿರೆಕಲ್ಲಿನ ಮೇಲೆ ಕೂತು, ಬುರ್ಖಾದ ತುದಿಯಲ್ಲಿ ಎರಡೂ ಕೈ ಸುತ್ತಿಕೊಂಡಳು. ಕಟ್ಟಿಹಾಕಿದ ಹಾಗೆ.

ಬೇಗಂ ಬಂತು. ಆಕೆಯನ್ನು ನೋಡಿ ನಿಂತಿತು. ಬಿಸ್ಮಿಲ್ಲಾ ಬಿ ಮುಖ ಬೇರೆ ಕಡೆ ತಿರುಗಿಸಿದಳು. ಬೆಕ್ಕು ಒಳಗೆ ಹೋಗಿ ಮರಿಗಳನ್ನು ಮೂಸಿತು, ಪಟ್ಟೆ ಮರಿಯ ಹತ್ತಿರ ಬಂದಾಗ ತಡೆದು ನಿಂತಿತು. ದೂರ ಸರಿದು ಅಡ್ಡ ಮಲಗಿತು. ಬೂದು ಮರಿಗಳು ಮೊಲೆ ಹುಡುಕಿಕೊಂಡವು. ಪಟ್ಟೆಯದು ಇದ್ದಲ್ಲೇ ತಲೆ ಅಲ್ಲಾಡಿಸುತ್ತಿತ್ತು. ಒಂದು ಗೇಣು ದೂರ. ಎದ್ದು ಹೋಗಿ ಎರಡು ಬೆರಳಿಂದ ತಾಯಿಯ ಕಡೆ ದೂಡಿದರೆ ಮುಗಿಯಿತು, ಅಷ್ಟೇ.

ಆಗಲೇ ಫೋನು. ಬಟನ್ ಒತ್ತಿ ಕಿವಿಗಿಟ್ಟಳು. ವೆಂಕಮ್ಮ.

"ಬೀಬಮ್ಮ, ಎಲ್ಲಿದ್ರಿ? ನೀರು ಕಾದು ಕುದಿತಾ ಉಂಟು. ಎಂಟೂವರೆ ಆತು."

"ನಾನು ಇವತ್ತು ಬರಲ್ಲ," ಎಂದಳು ಉಸಿರಿನಲ್ಲಿ.

ಗಂಡ ಮುನಾಫ್ ತೀರಿಕೊಂಡು ಇದ್ದತ್ ಎಂದು ಮನೆಯೊಳಗೇ ಕೂತ ನಾಲ್ಕು ತಿಂಗಳು ಹತ್ತು ದಿನ ಬಿಟ್ಟರೆ, ಒಪ್ಪಿಕೊಂಡ ಮನೆಗೆ ಆಕೆ ಹೋಗದೇ ಇದ್ದ ದಿನವಿಲ್ಲ.

"ಎಂತಕ್ಕೆ ಪಿಸಿಪಿಸಿ ಮಾತಾಡ್ತ್ರಿ? ಕೇಳ್ತಿಲ್ಲ."

"ಜೋರು ಮಾತಾಡಿದರೆ ಓಡ್ತದೆ. ಭೂಮಿಕಾಗೆ ಫೋನ್ ಕೊಡು. ಅವಳೇ ಹಾಕಲಿ ನೀರು."

"ಅವ್ಳಾ? ಕೂಸನ್ನ ಎತ್ತಕೇ ಹೆದರ್ತಾಳೆ."

"ಕೊಡು ಅಂದೆ."

ಭೂಮಿಕಾಳ ದನಿ ಬಂತು, ಅಳು ಮಿಶ್ರಿತ. "ಬೀಬಮ್ಮ, ನಂಗೆ ಬರಲ್ಲ. ಜಾರಿಹೋದ್ರೆ?"

"ಜಾರಲ್ಲ. ಮಣೆ ಹಾಕ್ಕೊ. ಕಾಲು ಚಾಚು. ಎರಡೂ ಪಾದ ಕೂಡಿಸು, ನಡುವೆ ಗಾಳಿ ಹೋಗಬಾರದು. ನೀರು ಮೊದಲು ನಿನ್ನ ಮೊಣಕೈಗೆ ಬಿಟ್ಟು ನೋಡು."

"ಬಿಸಿ ಉಂಟು."

"ಹಾಗಾದರೆ ತಣ್ಣೀರು ಸೇರಿಸು. ಕೇಳಬೇಕಾ ಅದನ್ನ?"

ಫೋನಿನೊಳಗೆ ಕೂಸು ಅಳತೊಡಗಿತು. ಚಿರೆಕಲ್ಲಿನ ಹಿಂದೆ ಬೇಗಂಳ ಕಿವಿ ನೆಟ್ಟಗಾಯಿತು. ಬಿಸ್ಮಿಲ್ಲಾ ಬಿ ಫೋನನ್ನು ಎದೆಗೆ ಒತ್ತಿ ಹಿಡಿದಳು, ಉಸಿರು ಬಿಗಿಹಿಡಿದು ನೋಡಿದಳು. ಬೆಕ್ಕು ಏಳಲಿಲ್ಲ. ಅಳು ಎಲ್ಲಿಂದ ಬರುತ್ತಿದೆಯೆಂದು ಆಚೀಚೆ ನೋಡಿತು, ಆಕೆಯನ್ನು ನೋಡಿತು, ಕೊನೆಗೆ ತನ್ನ ಮುಂದೆ ತಲೆ ಅಲ್ಲಾಡಿಸುತ್ತಿದ್ದುದನ್ನು ನೋಡಿತು. ಮುಂಗಾಲು ಚಾಚಿ ಪಟ್ಟೆ ಮರಿಯನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡಿತು. ನೆತ್ತಿ ನೆಕ್ಕಿತು. ಎಣ್ಣೆಯ ರುಚಿ ಹಿಡಿಸಲಿಲ್ಲವೋ ಏನೋ, ಮುಖ ಕಿವುಚಿ, ನಾಲಿಗೆ ಹೊರಹಾಕಿ ತಲೆ ಕೊಡವಿತು. ಮತ್ತೆ ನೆಕ್ಕಿತು. ಅಷ್ಟರಲ್ಲಿ ಮರಿ ಅಣ್ಣತಮ್ಮಂದಿರ ನಡುವೆ ತೂರಿಕೊಂಡಿತ್ತು. ಕುಡಿಯಿತೋ ಇಲ್ಲವೋ ಅಲ್ಲಿಂದ ಕಾಣುತ್ತಿರಲಿಲ್ಲ. ಬಾಲ ಮಾತ್ರ ಅಲುಗುತ್ತಿತ್ತು.

"ಬೀಬಮ್ಮ, ಇದ್ರಾ? ಆಯ್ತು. ನೀರು ಹಾಕಾಯ್ತು. ಈಗ ಎಂತ ಮಾಡ್ಲಿ?"

"ಒರೆಸಿ ಎದೆಗೆ ಹಾಕ್ಕೊ," ಎಂದಳು ಬಿಸ್ಮಿಲ್ಲಾ ಬಿ. "ಕಿವಿ ಸಂದಿ ಒರೆಸು ಮೊದಲು."

"ಮೂಗು ತೀಡಬೇಕಾ?"

ಆಕೆ ಸ್ವಲ್ಪ ಯೋಚಿಸಿದಳು. "ಇವತ್ತು ಬೇಡ, ಬಿಡು. ಅದರ ಮೂಗು ಚೆನ್ನಾಗೇ ಇದೆ."

ಫೋನು ಇಟ್ಟು ಎದ್ದು ಹೊರಡಬೇಕೆಂದುಕೊಂಡಳು. ಮೊಣಕಾಲು ಹಿಡಿದುಕೊಂಡಿತ್ತು. ಹಿಡಿಯಲು ಅರ್ಧ ಕಟ್ಟಿದ ಗೋಡೆ ಇತ್ತು, ಆದರೆ ಒತ್ತಿದರೆ ಮೇಲಿನ ಕಲ್ಲು ಅಲ್ಲಾಡುತ್ತಿತ್ತು. ಎರಡು ರಾತ್ರಿಯ ನಿದ್ದೆ ಒಮ್ಮೆಲೇ ಬಂದು ಕಣ್ಣ ಮೇಲೆ ಕೂತಿತು. ಸೊಸೆಗೆ ಫೋನ್ ಮಾಡಿದಳು.

"ತಸ್ಲೀಮ್, ಬಾ ಇಲ್ಲಿ, ನನ್ನ ಎಬ್ಬಿಸು."

"ಮರೀನ ತಗೊಂಡಿತಾ ಅಮ್ಮಿ?"

"ಬಾ ಅಂದರೆ ಬಾ. ಚಪ್ಪಲಿ ಅಲ್ಲೇ ಬಿಟ್ಟು ಬಾ, ಸದ್ದಾಗ್ತದೆ. ಬಾಣಂತಿ ಈಗಷ್ಟೇ ನಿದ್ದೆ ಹೋಗಿದ್ದಾಳೆ."